ಕಟ್ಟಡಕ್ಕಿಂತ ಮೊದಲು ಗಿರಾಕಿ: ಹುಬ್ಬಳ್ಳಿ–ಧಾರವಾಡ ಸೀಮೆಗೆ ತಂತ್ರಜ್ಞಾನದ ನವೋದ್ಯಮಗಳನ್ನು ಕರೆತರುವ ಬಗೆ

ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿಗಳಲ್ಲಿ ತಂತ್ರಜ್ಞಾನದ ನವೋದ್ಯಮಗಳನ್ನು ಬೆಳೆಸುವ ಮಾತು ಬಂದಾಗಲೆಲ್ಲ ಸಭೆಯಲ್ಲಿ ಮೊದಲು ಏಳುವ ಪ್ರಶ್ನೆ ಜಾಗದ್ದು. ಎಷ್ಟು ಎಕರೆ ಸಿಕ್ಕೀತು, ಯಾವ ರಸ್ತೆಯ ಬದಿಗೆ, ಎಷ್ಟು ಮಹಡಿ ಎಂಬಲ್ಲಿಗೆ ಚರ್ಚೆ ಹೊರಳಿ, ಶಂಕುಸ್ಥಾಪನೆಗೆ ಯಾರನ್ನು ಕರೆಯಬೇಕೆಂಬಲ್ಲಿ ಮುಗಿಯುತ್ತದೆ. ಇಂಥ ಹಲವು ಸಭೆಗಳಲ್ಲಿ ಕುಳಿತೆದ್ದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ಕಟ್ಟಡ ಕೊನೆಯ ಕೆಲಸ, ಗಿರಾಕಿಯನ್ನು ತೋರಿಸುವುದು ಮೊದಲ ಕೆಲಸ. ಹೊಸ ಉದ್ಯಮ ಕಟ್ಟುವ ಹುಡುಗನೋ ಹುಡುಗಿಯೋ ಬೆಂಗಳೂರಿನ ಬಸ್ಸು ಹತ್ತುವುದು ಇಲ್ಲಿ ಮೇಜು, ಕುರ್ಚಿ ಸಿಗಲಿಲ್ಲವೆಂದಲ್ಲ. ತಾನು ತಯಾರಿಸಿದ್ದನ್ನು ಕೊಳ್ಳುವವರು, ಕೊಂಡು ಸಮಯಕ್ಕೆ ಹಣ ಕೊಡುವವರು ಅಲ್ಲಿದ್ದಾರೆಂದು.

ಈ ಮಾರ್ಗದರ್ಶಿ ಉದ್ಯಮ ಆರಂಭಿಸುವವರಿಗಾಗಿ ಬರೆದದ್ದಲ್ಲ. ವಾಣಿಜ್ಯೋದ್ಯಮ ಸಂಸ್ಥೆಗಳ ಪದಾಧಿಕಾರಿಗಳು, ಪಾಲಿಕೆ ಮತ್ತು ನಗರಸಭೆಗಳ ಸದಸ್ಯರು, ಕಾಲೇಜುಗಳ ಪ್ರಾಚಾರ್ಯರು, ಊರಿನ ವರ್ತಕರು ಮತ್ತು ಕಾರ್ಖಾನೆಗಳ ಮಾಲೀಕರು, ಅಂದರೆ ಊರಿನ ಪರವಾಗಿ ಕರೆಯುವ ಸ್ಥಾನದಲ್ಲಿ ಇರುವವರು, ಇದರ ಓದುಗರು. ದೊಡ್ಡ ಸಾಫ್ಟ್‌ವೇರ್ ಕಂಪನಿಯ ಶಾಖೆಯನ್ನು ತರುವುದಕ್ಕೂ ನವೋದ್ಯಮವನ್ನು ತರುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಅವರು ಮೊದಲೇ ಒಪ್ಪಿಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ದೊಡ್ಡ ಕಂಪನಿಗೆ ಗಿರಾಕಿಗಳು ಈಗಾಗಲೇ ಇರುತ್ತಾರೆ, ಅದಕ್ಕೆ ಬೇಕಾದದ್ದು ಜಾಗ ಮತ್ತು ಕೆಲಸಗಾರರು. ನವೋದ್ಯಮಕ್ಕೆ ತನ್ನ ಪರಿಹಾರ ನಡೆಯುತ್ತದೆಯೋ ಇಲ್ಲವೋ ಎಂಬುದೇ ಇನ್ನೂ ಗೊತ್ತಿರುವುದಿಲ್ಲ. ಆದ್ದರಿಂದ ಅದಕ್ಕೆ ಬೇಕಾದದ್ದು ಪ್ರಯೋಗಕ್ಕೆ ಒಡ್ಡಿಕೊಳ್ಳುವ ಒಬ್ಬ ಗಿರಾಕಿ.

ಇದ್ದದ್ದನ್ನು ಮೊದಲು ಎಣಿಸಿ

ಈ ಸೀಮೆಯಲ್ಲಿ ಏನೂ ಇಲ್ಲವೆಂಬ ಗೊಣಗಾಟದಲ್ಲಿ ಹುರುಳಿಲ್ಲ. 1947ರಲ್ಲಿ ಆರಂಭವಾದ ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಧಾರವಾಡದಲ್ಲಿ ಎಸ್‌ಡಿಎಂ ಇಂಜಿನಿಯರಿಂಗ್ ಕಾಲೇಜು, 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯ, 2015ರಲ್ಲಿ ಬಂದ ಐಐಐಟಿ, 2016ರಲ್ಲಿ ಬಂದ ಐಐಟಿ ಇವೆ. ಹುಬ್ಬಳ್ಳಿಯಲ್ಲೇ ಹುಟ್ಟಿ ಅಮೆರಿಕದಲ್ಲಿ ಉದ್ಯಮಿಯಾದ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನ ನಡೆಸುವ ದೊಡ್ಡ ಪರಿಪೋಷಣ ಕೇಂದ್ರ (ಹೊಸ ಉದ್ಯಮಗಳಿಗೆ ಜಾಗ, ಸಲಹೆ ಕೊಟ್ಟು ಬೆಳೆಸುವ ಇನ್‌ಕ್ಯುಬೇಟರ್) ವಿಮಾನ ನಿಲ್ದಾಣದ ರಸ್ತೆಯಲ್ಲಿದೆ. ಇಂದಿರಾ ಗಾಜಿನ ಮನೆಯ ಎದುರಿನ ಐಟಿ ಪಾರ್ಕ್ ಎಲ್ಲರಿಗೂ ಗೊತ್ತಿರುವಂಥದ್ದು. ನೈರುತ್ಯ ರೈಲ್ವೆ, ವಾಯವ್ಯ ಸಾರಿಗೆ ಸಂಸ್ಥೆ ಮತ್ತು ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂ, ಈ ಮೂರರ ಪ್ರಧಾನ ಕಚೇರಿಗಳೂ ಹುಬ್ಬಳ್ಳಿಯಲ್ಲಿವೆ. 2011ರ ಜನಗಣತಿಯಲ್ಲೇ ಅವಳಿ ನಗರದ ಜನಸಂಖ್ಯೆ 9.4 ಲಕ್ಷ ದಾಟಿತ್ತು.

ಇವುಗಳಲ್ಲಿ ನವೋದ್ಯಮಕ್ಕೆ ಕಲಿಸುವವರು ಯಾರು, ಜಾಗ ಕೊಡುವವರು ಯಾರು, ಕೊಳ್ಳುವವರು ಯಾರು ಎಂದು ಮೂರು ಪಟ್ಟಿ ಮಾಡಿ ನೋಡಿದರೆ ಮೊದಲೆರಡು ಪಟ್ಟಿಗಳು ತುಂಬಿರುತ್ತವೆ, ಮೂರನೆಯದು ಖಾಲಿ ಇರುತ್ತದೆ. ಕೊಳ್ಳುವವರು ಇಲ್ಲವೆಂದಲ್ಲ, ಅವರನ್ನು ಯಾರೂ ಹೋಗಿ ಕೇಳಿಲ್ಲ.

ಸಮಸ್ಯೆಗಳ ದಫ್ತರ

ಆದ್ದರಿಂದ ಮೊದಲ ಎರಡು ತಿಂಗಳು ಒಂದು ದಫ್ತರ ಬರೆಯುವುದಕ್ಕೆ ಮೀಸಲಿಡಬೇಕು. ಇದಕ್ಕೆ ಸಲಹಾ ಸಂಸ್ಥೆ ಬೇಕಾಗಿಲ್ಲ. ಊರಿನ ವ್ಯಾಪಾರ ಬಲ್ಲ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಪ್ರಶ್ನೆ ಕೇಳಲು ಸಂಕೋಚಪಡದ ಇಬ್ಬರು ವಿದ್ಯಾರ್ಥಿಗಳು ಮತ್ತು ಒಂದು ಬೈಕು ಇದ್ದರೆ ಸಾಕು. ಅವರು ಅಂಗಡಿ, ಕಾರ್ಖಾನೆ, ಆಸ್ಪತ್ರೆ, ಮಾರುಕಟ್ಟೆ ಮತ್ತು ಕಚೇರಿಗಳಿಗೆ ಹೋಗಿ, ದಿನವೂ ಹಣವನ್ನೋ ಸಮಯವನ್ನೋ ತಿನ್ನುತ್ತಿರುವ ಒಂದೊಂದು ತೊಡಕನ್ನು ಒಂದೊಂದು ಹಾಳೆಯಲ್ಲಿ ಬರೆಯಬೇಕು. ತೊಡಕು ಯಾರದ್ದು, ಇಂದು ಅದನ್ನು ಹೇಗೆ ನಿಭಾಯಿಸುತ್ತಿದ್ದಾರೆ, ಅದರಿಂದ ವರ್ಷಕ್ಕೆ ಆಗುವ ನಷ್ಟ ಅವರ ಅಂದಾಜಿನಲ್ಲಿ ಎಷ್ಟು, ಪರಿಹಾರ ಸಿಕ್ಕರೆ ಎಷ್ಟು ಕೊಡಲು ಸಿದ್ಧರಿದ್ದಾರೆ, ಕೊಡುವ ನಿರ್ಧಾರ ಯಾರ ಕೈಯಲ್ಲಿದೆ ಎಂಬಷ್ಟು ಆ ಹಾಳೆಯಲ್ಲಿ ಇರಬೇಕು. ಕೊನೆಯ ಪ್ರಶ್ನೆಯನ್ನು ಬಿಡಬಾರದು. ಮಗ ಉತ್ಸಾಹದಿಂದ ಹೂಂ ಎಂದಿರುತ್ತಾನೆ, ತಿಜೋರಿಯ ಕೀಲಿ ತಂದೆಯ ಹತ್ತಿರ ಇರುತ್ತದೆ.

ಇಂಥ ಹಾಳೆ ಹೇಗಿರಬೇಕು ಎಂಬುದಕ್ಕೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯೇ ಒಳ್ಳೆಯ ಉದಾಹರಣೆ. ಸೋಮವಾರ ಮತ್ತು ಗುರುವಾರ ಅಲ್ಲಿ ದೊಡ್ಡ ವ್ಯಾಪಾರ. ಸುಗ್ಗಿಯ ದಿನಗಳಲ್ಲಿ ಚೀಲಗಳ ರಾಶಿಯ ನಡುವೆ ಖರೀದಿದಾರರು ಲಾಟಿನಿಂದ ಲಾಟಿಗೆ ನಡೆಯುತ್ತ, ಕೈಯಲ್ಲಿ ಹಿಡಿದು, ಮುರಿದು, ಮೂಸಿ, ಬಣ್ಣ ಮತ್ತು ತೇವಾಂಶವನ್ನು ಅಂದಾಜು ಮಾಡಿ ದರ ಬರೆಯುತ್ತಾರೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಅದರ ಕಡುಗೆಂಪು ಬಣ್ಣದಿಂದ. ಖಾರ ಕಡಿಮೆ, ಬಣ್ಣ ಹೆಚ್ಚು. ಅದರಿಂದ ತೆಗೆದ ಓಲಿಯೋರೆಸಿನ್ ಎಂಬ ಬಣ್ಣದ ಸಾರ ಆಹಾರಕ್ಕೂ ಸೌಂದರ್ಯವರ್ಧಕಗಳಿಗೂ ಹೋಗುತ್ತದೆ. ಬಣ್ಣದ ನಿಜವಾದ ಅಳತೆ ಪ್ರಯೋಗಾಲಯದಲ್ಲಿ ಆಗುತ್ತದೆ, ಆದರೆ ದರ ನಿರ್ಧಾರವಾಗುವುದು ಅದಕ್ಕೂ ಮೊದಲು, ಕಣ್ಣಂದಾಜಿನಲ್ಲಿ. ಕಣ್ಣಿನ ಅಂದಾಜಿಗೂ ಪ್ರಯೋಗಾಲಯದ ಅಂಕಿಗೂ ಇರುವ ಅಂತರದ ಹಣವನ್ನು ಯಾರು ತೆರುತ್ತಿದ್ದಾರೆ? ಕೆಲವೊಮ್ಮೆ ರೈತ, ಕೆಲವೊಮ್ಮೆ ಖರೀದಿದಾರ. ಹಸಿ ಉಳಿದ ಕಾಯಿ ಶೀತಲಗೃಹಕ್ಕೆ ಹೋಗಿ ಬೂಸ್ಟು ಹಿಡಿದರೆ ಆ ನಷ್ಟ ಇನ್ನೊಬ್ಬನದು. ಕೈಯಲ್ಲಿ ಹಿಡಿಯುವ ಒಂದು ಸಾಧನ ಲಾಟಿನ ಎದುರಿಗೇ ಬಣ್ಣ ಮತ್ತು ತೇವಾಂಶವನ್ನು ತಕ್ಕಮಟ್ಟಿಗೆ ಸರಿಯಾಗಿ ಹೇಳಬಲ್ಲುದಾದರೆ ಅದಕ್ಕೆ ಹಣ ಕೊಡುವವರು ಯಾರು, ಅಡತಿಯೋ, ಮಸಾಲೆ ಕಂಪನಿಯ ಖರೀದಿದಾರನೋ, ಶೀತಲಗೃಹದ ಮಾಲೀಕನೋ ಎಂಬುದನ್ನು ಅಲ್ಲೇ ನಿಂತು ಕೇಳಿ ಬರೆಯಬೇಕು. ಬೆಂಗಳೂರಿನ ಕೋಣೆಯೊಂದರಲ್ಲಿ ಕುಳಿತವರಿಗೆ ಈ ಹಾಳೆ ಸಿಗುವುದಿಲ್ಲ. ನಮ್ಮ ಸೀಮೆ ಅವರಿಗೆ ಕೊಡಬಹುದಾದ, ಬೇರೆಯವರಲ್ಲಿ ಇಲ್ಲದ ವಸ್ತು ಇದೇ.

ಅಲ್ಲಿಂದ ರಾಣೆಬೆನ್ನೂರಿಗೆ ಹೋದರೆ ಇನ್ನೊಂದು ಹಾಳೆ ಕಾದಿರುತ್ತದೆ. ಆ ಸುತ್ತಿನ ಹಳ್ಳಿಗಳಲ್ಲಿ ತರಕಾರಿ ಮತ್ತು ಹತ್ತಿಯ ಹೈಬ್ರಿಡ್ ಬೀಜೋತ್ಪಾದನೆ ಬಹುಕಾಲದಿಂದ ನಡೆದಿದೆ. ಹೆಣ್ಣುಮಕ್ಕಳು ಹೂವೊಂದೊಂದನ್ನೂ ಕೈಯಿಂದ ಬಿಡಿಸಿ ಪರಾಗಸ್ಪರ್ಶ ಮಾಡುವ, ತಾಳ್ಮೆ ಬೇಡುವ ಕೆಲಸ ಅದು. ಬೀಜವನ್ನು ಕಂಪನಿಗೆ ಒಪ್ಪಿಸಿದ ಮೇಲೆ ಅದರ ತಳಿಶುದ್ಧತೆಯನ್ನು ಹೊಲದಲ್ಲಿ ಬೆಳೆಸಿ ಪರೀಕ್ಷಿಸುವ ಪದ್ಧತಿಯಿದೆ. ಗಿಡ ಬೆಳೆದು ಲಕ್ಷಣ ತೋರಿಸುವವರೆಗೆ ಫಲಿತಾಂಶವಿಲ್ಲ, ಫಲಿತಾಂಶ ಬರುವವರೆಗೆ ರೈತನ ಹಣ ನಿಂತಿರುತ್ತದೆ. ಡಿಎನ್‌ಎ ಗುರುತುಗಳ ಪರೀಕ್ಷೆ ಇದೇ ಉತ್ತರವನ್ನು ಕೆಲವು ದಿನಗಳಲ್ಲಿ ಕೊಡಬಲ್ಲದು. ಅದನ್ನು ಅಗ್ಗವಾಗಿ, ಹತ್ತಿರದಲ್ಲಿ, ರೈತನೂ ಕಂಪನಿಯೂ ನಂಬುವಂತೆ ಮಾಡಿಕೊಡುವುದು ಜೀವವಿಜ್ಞಾನ ಕಲಿತವರ ಒಂದು ತಂಡಕ್ಕೆ ಹಲವು ವರ್ಷಗಳ ಉದ್ಯಮವಾಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅಲ್ಲಿಂದ ಎರಡು ಗಂಟೆಯ ದಾರಿಯಲ್ಲಿದೆ ಎಂಬುದನ್ನೂ ಅದೇ ಹಾಳೆಯ ಬದಿಯಲ್ಲಿ ಬರೆದಿಡಬಹುದು.

ಉಳಿದವು ಹೀಗೆಯೇ ಸಿಗುತ್ತ ಹೋಗುತ್ತವೆ. ಹುಬ್ಬಳ್ಳಿಯಲ್ಲಿ ವಾಲ್ವ್ ತಯಾರಿಸುವ ಕಾರ್ಖಾನೆಗಳಿವೆ. ಎರಕದ ದೋಷ ಹಿಡಿಯುವುದು ಅವರ ದಿನನಿತ್ಯದ ತಲೆನೋವು. ಧಾರವಾಡದ ವಾಹನ ಕಾರ್ಖಾನೆಗಳಿಗೆ ಬಿಡಿಭಾಗ ಕೊಡುವ ಸಣ್ಣ ಘಟಕಗಳಲ್ಲಿ ಯಂತ್ರ ನಿಂತದ್ದು ಮಾಲೀಕನಿಗೆ ತಿಳಿಯುವುದು ಸಂಜೆಗೆ. ಗದಗ ಜಿಲ್ಲೆಯ ಗಾಳಿಯಂತ್ರಗಳ ರೆಕ್ಕೆಗಳನ್ನು ತಪಾಸಣೆ ಮಾಡಬೇಕು. ಬೆಟಗೇರಿಯ ನೇಕಾರನಿಗೆ ಸೀರೆಯ ವಿನ್ಯಾಸ ಬದಲಿಸುವುದು ದೊಡ್ಡ ಖರ್ಚು. ಅಮರಗೋಳದ ಮಾರುಕಟ್ಟೆಯಲ್ಲಿ ಲಾರಿ ಖಾಲಿ ಮರಳುತ್ತದೆ. ದಫ್ತರದಲ್ಲಿ ಮೂವತ್ತು ಹಾಳೆಗಳಾದರೆ ಸಾಕು, ನೂರು ಬೇಡ. ಕೊಡುತ್ತೇನೆಂದ ಮೊತ್ತ ಬರೆಯದ ಹಾಳೆಯನ್ನು ದಫ್ತರಕ್ಕೆ ಸೇರಿಸಲೇಬಾರದು.

ಮೊದಲ ಗಿರಾಕಿ ಮತ್ತು ಸಮಯಕ್ಕೆ ಬರುವ ಹಣ

ಕೆಲವು ವರ್ಷಗಳ ಹಿಂದೆ ನನ್ನ ಪರಿಚಯದ ಇಬ್ಬರು ಹುಡುಗರು ಒಬ್ಬ ವರ್ತಕರ ಗೋದಾಮಿಗೆ ದಾಸ್ತಾನು ಲೆಕ್ಕದ ತಂತ್ರಾಂಶ ಮಾಡಿಕೊಟ್ಟರು. ಅದು ಚೆನ್ನಾಗಿಯೇ ನಡೆಯಿತು, ವರ್ತಕರು ದಿನವೂ ಬಳಸಿದರು, ನಾಲ್ಕು ಜನರ ಎದುರು ಹೊಗಳಿದರು. ಬಿಲ್ಲು ಮಾತ್ರ ಸುಗ್ಗಿ ಮುಗಿಯಲಿ, ಹಬ್ಬ ಆಗಲಿ, ಯಾರದ್ದೋ ಬಾಕಿ ಬರಲಿ ಎಂದು ಏಳು ತಿಂಗಳು ಕುಳಿತಿತು. ಅವರು ಮೋಸಗಾರರಾಗಿರಲಿಲ್ಲ. ಅವರ ವ್ಯಾಪಾರವೇ ಉದ್ರಿಯ ಮೇಲೆ ನಡೆಯುತ್ತದೆ, ಅವರಿಗೂ ಹಣ ತಡವಾಗಿಯೇ ಬರುತ್ತದೆ, ಅರವತ್ತು ತೊಂಬತ್ತು ದಿನಗಳನ್ನು ಅವರು ತಡವೆಂದೇ ಎಣಿಸುವುದಿಲ್ಲ. ಆದರೆ ಬಾಡಿಗೆ ಮನೆಯಲ್ಲಿದ್ದ ಆ ಇಬ್ಬರು ಐದನೆಯ ತಿಂಗಳಲ್ಲೇ ಬೆಂಗಳೂರಿನಲ್ಲಿ ನೌಕರಿಗೆ ಸೇರಿದರು. ನಮ್ಮ ವ್ಯಾಪಾರದ ಈ ರೂಢಿಯನ್ನು ಅರ್ಥಮಾಡಿಕೊಳ್ಳದೆ ನವೋದ್ಯಮದ ಯಾವ ಯೋಜನೆ ಹಾಕಿದರೂ ಅದು ಹೀಗೆಯೇ ಮುಗಿಯುತ್ತದೆ.

ಕಾನೂನು ಈ ವಿಷಯದಲ್ಲಿ ನವೋದ್ಯಮದ ಕಡೆಗಿದೆ ಎಂಬುದು ನಮ್ಮ ಅನೇಕ ವರ್ತಕರಿಗೆ ಈಚಿನವರೆಗೆ ತಿಳಿದಿರಲಿಲ್ಲ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಸರಕನ್ನೋ ಸೇವೆಯನ್ನೋ ಪಡೆದವರು, ಲಿಖಿತ ಒಪ್ಪಂದವಿದ್ದರೂ, 45 ದಿನಗಳೊಳಗೆ ಹಣ ಕೊಡಬೇಕು. ಒಪ್ಪಂದವಿಲ್ಲದಿದ್ದರೆ ಅವಧಿ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಇದಕ್ಕಿಂತ ಹೆಚ್ಚು ಬಿಸಿ ಮುಟ್ಟಿಸಿದ್ದು 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆಯ ನಿಯಮ. ಅವಧಿಯೊಳಗೆ ಕೊಡದ ಇಂಥ ಬಾಕಿಯನ್ನು ಆ ವರ್ಷದ ಖರ್ಚೆಂದು ತೋರಿಸಿ ತೆರಿಗೆ ಉಳಿಸಲು ಬರುವುದಿಲ್ಲ, ಹಣ ಕೊಟ್ಟ ವರ್ಷಕ್ಕಷ್ಟೇ ಅದು ಲೆಕ್ಕಕ್ಕೆ ಬರುತ್ತದೆ. ಈ ರಕ್ಷಣೆ ಸಿಗಬೇಕಾದರೆ ನವೋದ್ಯಮ ‘ಉದ್ಯಮ್’ ಎಂಬ ಸರ್ಕಾರಿ ನೋಂದಣಿ ಮಾಡಿಸಬೇಕು, ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸುವುದು ಒಳ್ಳೆಯದು. ವರ್ತಕರ ಸಂಘ ತನ್ನ ಸದಸ್ಯರಿಗೆ ಇದನ್ನು ಒಂದು ಸಂಜೆ ಲೆಕ್ಕಪರಿಶೋಧಕರಿಂದ ಹೇಳಿಸಿದರೆ, ಹತ್ತು ಉತ್ತೇಜನ ಭಾಷಣಗಳಿಂದ ಆಗದ ಕೆಲಸ ಆಗುತ್ತದೆ.

ಪ್ರಯೋಗಕ್ಕೆ ಒಂದು ಪುಟದ ಒಪ್ಪಂದ ಸಾಕು. ಮೂರು ತಿಂಗಳ ಅವಧಿ, ಆರಂಭದಲ್ಲೇ ಅರ್ಧ ಹಣ, ಯಾವ ಅಳತೆಯಿಂದ ಯಶಸ್ಸನ್ನು ನಿರ್ಧರಿಸುತ್ತೇವೆ ಎಂಬ ಒಂದು ಸಾಲು, ಮಾಹಿತಿ ಯಾರದ್ದು ಎಂಬ ಇನ್ನೊಂದು ಸಾಲು, ಯಶಸ್ವಿಯಾದರೆ ಎಷ್ಟು ಸಂಖ್ಯೆಯಲ್ಲಿ ಕೊಳ್ಳುತ್ತೇವೆ ಎಂಬ ಮಾತು ಅದರಲ್ಲಿ ಇರಲಿ. ಪುಕ್ಕಟೆ ಪ್ರಯೋಗವನ್ನು ಯಾರೂ ಒಪ್ಪಬಾರದು, ಕೊಡಲೂಬಾರದು. ಹಣ ಕೊಡದ ಯಂತ್ರದ ಮೇಲೆ ಮೂರನೆಯ ದಿನಕ್ಕೇ ಧೂಳು ಕೂತಿರುತ್ತದೆ. ಮೊತ್ತ ಇಪ್ಪತ್ತು ಸಾವಿರವೇ ಆಗಲಿ, ಅದು ಗಿರಾಕಿಯ ಜೇಬಿನಿಂದ ಬರಬೇಕು. ಸಂಘವೋ ಪಾಲಿಕೆಯೋ ಸಹಾಯಧನ ಕೊಡುವುದಾದರೆ ಗಿರಾಕಿ ಕೊಟ್ಟ ಮೊತ್ತದಷ್ಟೇ ಕೊಡಲಿ, ಅದಕ್ಕಿಂತ ಮೊದಲು ಬೇಡ.

ಸರ್ಕಾರಿ ಕಚೇರಿಗಳದ್ದು ಬೇರೆ ಕಥೆ. ಅಲ್ಲಿನ ಅಧಿಕಾರಿಗೆ ಹೊಸ ಪರಿಹಾರ ಬೇಡವೆಂದೇನೂ ಇಲ್ಲ, ಲೆಕ್ಕಪರಿಶೋಧನೆಯ ಆಕ್ಷೇಪಣೆ ಬೇಡ. ಆದ್ದರಿಂದ ಮೊದಲ ದಿನವೇ ಖರೀದಿಯ ಮಾತೆತ್ತದೆ, ಒಂದು ಬಸ್ ಡಿಪೊ, ಒಂದು ವಾರ್ಡು, ಒಂದು ಉಪವಿಭಾಗದಲ್ಲಿ ಪ್ರಯೋಗಕ್ಕೆ ಅನುಮತಿ, ಮಾಹಿತಿ ಮತ್ತು ಕೊನೆಗೆ ಫಲಿತಾಂಶದ ಪತ್ರ ಕೇಳಬೇಕು. ಆ ಪತ್ರವೇ ಬೇರೆ ಊರಿನ ಖರೀದಿಗೆ ದಾರಿಯಾಗುತ್ತದೆ. ಅವಳಿ ನಗರಕ್ಕೆ ಈ ಪದ್ಧತಿ ಹೊಸದೇನಲ್ಲ. 2008ರ ಹೊತ್ತಿಗೆ ಹುಬ್ಬಳ್ಳಿ–ಧಾರವಾಡದ ಕೆಲವೇ ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಾತ್ಯಕ್ಷಿಕೆ ನಡೆಯಿತು. ನಾಲ್ಕೈದು ದಿನಕ್ಕೊಮ್ಮೆ ನೀರು ಕಾಣುತ್ತಿದ್ದವರು ಆ ವಾರ್ಡಿನ ನಲ್ಲಿಯನ್ನು ಬೆರಗಿನಿಂದ ನೋಡಿಬಂದರು, ದೇಶದ ಬೇರೆ ಊರುಗಳ ತಂಡಗಳೂ ಬಂದು ನೋಡಿದವು. ಇಡೀ ನಗರಕ್ಕೆ ಅದು ತಲುಪಲು ಹಿಡಿದ ಕಾಲದ ಬಗ್ಗೆ ನಾಗರಿಕರಿಗೆ ಬೇಸರವಿದ್ದರೂ, ಸಣ್ಣ ಭಾಗದಲ್ಲಿ ಮೊದಲು ಮಾಡಿ ತೋರಿಸುವ ಕ್ರಮ ಸರಿಯಾದದ್ದೇ. ಕೇಂದ್ರ ಸರ್ಕಾರದ ಖರೀದಿಯಲ್ಲಿ ಮಾನ್ಯತೆ ಪಡೆದ ನವೋದ್ಯಮಗಳಿಗೆ ಹಿಂದಿನ ಅನುಭವ, ಹಿಂದಿನ ವಹಿವಾಟು ಮತ್ತು ಟೆಂಡರಿನ ಜೊತೆ ಕಟ್ಟುವ ಇಎಂಡಿ ಠೇವಣಿಯ ಷರತ್ತುಗಳಲ್ಲಿ ಸಡಿಲಿಕೆಯಿದೆ. ರೈಲ್ವೆಯ ಜೊತೆ ಮಾತಾಡುವಾಗ ಇದು ಕೆಲಸಕ್ಕೆ ಬರುತ್ತದೆ.

ಯಾರನ್ನು ಕರೆಯಬೇಕು

ಊರಿನ ಹೆಸರೇ ಕೇಳದ ಉದ್ಯಮಿಯನ್ನು ಜಾಹೀರಾತು ಕೊಟ್ಟು ಕರೆತರುವುದು ವ್ಯರ್ಥ ಪ್ರಯತ್ನ. ನವಲಗುಂದದಲ್ಲೋ ಶಿಗ್ಗಾವಿಯಲ್ಲೋ ತಂದೆ–ತಾಯಿ ಇರುವ, ಹತ್ತು ಹನ್ನೆರಡು ವರ್ಷ ಬೆಂಗಳೂರು, ಪುಣೆಗಳಲ್ಲಿ ದುಡಿದು ಕೈ ಪಳಗಿದ, ಮೂವತ್ತೈದರ ಆಸುಪಾಸಿನವರನ್ನು ಮೊದಲು ಕರೆಯಬೇಕು. ಇದಕ್ಕೆ ನಮ್ಮಲ್ಲೇ ಪೂರ್ವೋದಾಹರಣೆ ಇದೆ. ವಿವೇಕ ಪವಾರ ಅವರು 2005ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭಿಸಿದ ಸಂಕಲ್ಪ ಸೆಮಿಕಂಡಕ್ಟರ್, ಚಿಪ್ ವಿನ್ಯಾಸದಂಥ ಕಠಿಣ ಕೆಲಸವನ್ನು ಸ್ಥಳೀಯ ಇಂಜಿನಿಯರುಗಳಿಂದಲೇ ಮಾಡಿಸಿತು, ಹೊರದೇಶದ ಗಿರಾಕಿಗಳನ್ನು ಗಳಿಸಿತು, 2019ರಲ್ಲಿ ಎಚ್‌ಸಿಎಲ್ ಕಂಪನಿ ಅದನ್ನು ಕೊಂಡಿತು. ಅವಳಿ ನಗರದಲ್ಲಿ ಚಿಪ್ ವಿನ್ಯಾಸ ಬಲ್ಲವರು ಇಂದು ಇದ್ದರೆ ಅದಕ್ಕೆ ಆ ಒಂದು ಮರಳುವಿಕೆ ದೊಡ್ಡ ಕಾರಣ.

ಮರಳುವವರನ್ನು ಕಾಣಲು ಸರಿಯಾದ ಕಾಲ ಹಬ್ಬಗಳದ್ದು. ನಾಗರಪಂಚಮಿಗೆ, ದೀಪಾವಳಿಗೆ ಅವರು ಊರಿನಲ್ಲಿರುತ್ತಾರೆ. ಒಂದು ಮುಂಜಾನೆ ಇಪ್ಪತ್ತು ಜನರನ್ನು ಕರೆದು, ಭಾಷಣವಿಲ್ಲದೆ, ದಫ್ತರದ ಹಾಳೆಗಳನ್ನು ಮೇಜಿನ ಮೇಲೆ ಹರಡಿಟ್ಟು, ಆ ತೊಡಕು ಅನುಭವಿಸುತ್ತಿರುವ ವರ್ತಕರನ್ನೇ ಪಕ್ಕದಲ್ಲಿ ಕೂರಿಸಬೇಕು. ಮರಳುವವರು ಕೇಳುವ ಪ್ರಶ್ನೆಗಳು ತೆರಿಗೆ ವಿನಾಯಿತಿಯ ಬಗ್ಗೆ ಇರುವುದಿಲ್ಲ. ಹೆಂಡತಿಗೆ, ಇಲ್ಲವೆ ಗಂಡನಿಗೆ, ಇಲ್ಲಿ ಕೆಲಸ ಸಿಕ್ಕೀತೇ, ಮಗುವಿಗೆ ನಡುವರ್ಷದಲ್ಲಿ ಶಾಲೆಯ ಸೀಟು ಸಿಗುವುದೇ, ಉದ್ಯಮ ಕೈಕೊಟ್ಟರೆ ಇಲ್ಲೇ ಇನ್ನೊಂದು ನೌಕರಿ ಇದೆಯೇ ಎಂಬಂಥವು ಅವು. ಮೂರಕ್ಕೂ ಉತ್ತರ ಸಿದ್ಧವಿರಬೇಕು. ಸಂಗಾತಿ ದೂರದಿಂದಲೇ ನೌಕರಿ ಮುಂದುವರಿಸಲು ಬೇಕಾದ ಒಂದು ಮೇಜು, ಶಾಲೆಯ ಆಡಳಿತ ಮಂಡಳಿಗೆ ಒಂದು ಫೋನ್ ಕರೆ, ಕಾಲೇಜಿನಲ್ಲಿ ಅರೆಕಾಲಿಕ ಪಾಠದ ಅವಕಾಶ, ಇವುಗಳಿಗೆ ಸರ್ಕಾರದ ಆದೇಶ ಬೇಕಾಗಿಲ್ಲ. ಇವನ್ನೆಲ್ಲ ನೋಡಿಕೊಳ್ಳಲು ಒಬ್ಬರನ್ನೇ ಹೆಸರಿಸಿ; ಸಮಿತಿಯ ಏಳು ಜನರ ಸಂಖ್ಯೆ ಕೊಟ್ಟರೆ ಏಳೂ ಜನ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದುಕೊಳ್ಳುತ್ತಾರೆ.

2023ರ ಜೂನ್‌ನಿಂದ ವಂದೇ ಭಾರತ್ ರೈಲು ಧಾರವಾಡವನ್ನು ಬೆಂಗಳೂರಿಗೆ ಹಗಲಿನಲ್ಲೇ ಜೋಡಿಸಿದೆ, ರಾತ್ರಿಯ ಬಸ್ಸುಗಳಿಗಂತೂ ಲೆಕ್ಕವಿಲ್ಲ. ತಿಂಗಳಿಗೆ ಎರಡು ಬಾರಿ ಬೆಂಗಳೂರಿನ ಗಿರಾಕಿಯನ್ನು ಕಂಡುಬರುವುದು ಈಗ ಕಷ್ಟವಲ್ಲವೆಂದು ಅವರಿಗೆ ಹೇಳಬಹುದು. ಹವೆ ಚೆನ್ನಾಗಿದೆ, ಪೇಢೆ ರುಚಿಯಾಗಿದೆ ಎಂದು ಹೇಳುವ ಅಗತ್ಯವಿಲ್ಲ, ಅವರು ಇಲ್ಲಿಯವರೇ.

ಜಾಗ, ವಿದ್ಯುತ್ತು, ಇಂಟರ್‌ನೆಟ್

ಹೊಸ ಕಟ್ಟಡ ಬೇಡ. ಪರಿಪೋಷಣ ಕೇಂದ್ರಗಳಲ್ಲಿ ಜಾಗ ಮುಗಿದ ಮೇಲೆ ವಿದ್ಯಾನಗರದಲ್ಲೋ ಗೋಕುಲ ರಸ್ತೆಯಲ್ಲೋ ಬಾಡಿಗೆಗೆ ಕಾದಿರುವ ಮಹಡಿಗಳನ್ನು ನೋಡಿದರಾಯಿತು. ಬೇಕಾದದ್ದು ಬೇರೆ ಬೇರೆ ಕಂಪನಿಗಳ ಎರಡು ಇಂಟರ್‌ನೆಟ್ ಸಂಪರ್ಕ, ಮಳೆಗಾಲದ ಮಧ್ಯಾಹ್ನಗಳನ್ನು ದಾಟಿಸುವ ಇನ್ವರ್ಟರ್, ಹೆಣ್ಣುಮಕ್ಕಳಿಗೆ ಸ್ವಚ್ಛವಾದ ಪ್ರತ್ಯೇಕ ಶೌಚಾಲಯ, ರಾತ್ರಿ ಹತ್ತರ ನಂತರವೂ ತೆರೆಯುವ ಗೇಟು. ಜಾಗ ಅವಳಿ ನಗರದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರವಿದ್ದರೆ ಧಾರವಾಡದವರು ಹುಬ್ಬಳ್ಳಿಗೆ, ಹುಬ್ಬಳ್ಳಿಯವರು ಧಾರವಾಡಕ್ಕೆ ದಿನವೂ ಓಡಾಡಬಹುದು.

ಕಾಲೇಜುಗಳೊಡನೆ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾಗಿರುವುದರಿಂದ, ಪ್ರತಿ ವರ್ಷ ನಮ್ಮ ಕಾಲೇಜುಗಳ ಸಾವಿರಾರು ವಿದ್ಯಾರ್ಥಿಗಳು ಪ್ರಮಾಣಪತ್ರವೊಂದಕ್ಕಾಗಿ ಅಲೆಯುತ್ತಾರೆ. ಹಣ ಕೊಟ್ಟು ಪ್ರಮಾಣಪತ್ರ ತರುವವರೂ ಇದ್ದಾರೆಂಬುದು ಗುಟ್ಟೇನಲ್ಲ. ಈ ಅಲೆದಾಟವನ್ನು ದಫ್ತರದ ಹಾಳೆಗಳ ಕಡೆಗೆ ತಿರುಗಿಸಬಹುದು: ಮೂರು ವಿದ್ಯಾರ್ಥಿಗಳು, ಒಂದು ಹಾಳೆ, ಒಂದು ನವೋದ್ಯಮ ಅಥವಾ ಒಬ್ಬ ವರ್ತಕ, ವಾರಕ್ಕೊಮ್ಮೆ ಅಧ್ಯಾಪಕರ ಭೇಟಿ. ನವೋದ್ಯಮಕ್ಕೆ ಕೆಲಸಗಾರರನ್ನು ನೌಕರಿಗೆ ತೆಗೆದುಕೊಳ್ಳುವ ಮೊದಲೇ ನೋಡುವ ಅವಕಾಶ ಇದರಿಂದ ಸಿಗುತ್ತದೆ. ಕೆಲಸವೆಲ್ಲ ತಂತ್ರಾಂಶದ್ದೇ ಆಗಿರುವುದಿಲ್ಲ, ಸಾಧನ ಜೋಡಿಸಲು ಡಿಪ್ಲೊಮಾ ಮತ್ತು ಐಟಿಐ ಮುಗಿಸಿದವರು ಬೇಕಾಗುತ್ತಾರೆ. ಕಾಲೇಜಿನ ಪ್ರಯೋಗಶಾಲೆಗಳನ್ನು ಸಂಜೆ ಐದರ ನಂತರ ಬಾಡಿಗೆಗೆ ಬಿಟ್ಟುಕೊಡುವ ನಿಯಮವನ್ನು ಆಡಳಿತ ಮಂಡಳಿಯಿಂದ ಒಂದೇ ಸಲ ಮಾಡಿಸಿಕೊಳ್ಳಬೇಕು. ಪ್ರತಿ ಬಾರಿ ಪ್ರಾಚಾರ್ಯರ ಸಹಿಗೆ ಕಾಯುವಂತಾದರೆ ಯಾರೂ ಎರಡನೆಯ ಸಲ ಬರುವುದಿಲ್ಲ.

ತಂದೆ–ತಾಯಿಯ ಮನಸ್ಸು ಇನ್ನೊಂದು ವಿಷಯ. ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಯುವಕರ ಸಂಖ್ಯೆಯನ್ನು ಕಂಡವರಿಗೆ, ಈ ಸೀಮೆಯಲ್ಲಿ ಸರ್ಕಾರಿ ನೌಕರಿಯ ತೂಕ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ತಪ್ಪೆಂದು ಉಪದೇಶ ಮಾಡಿದರೆ ಯಾರೂ ಕೇಳುವುದಿಲ್ಲ. ನವೋದ್ಯಮದವರು ಮೊದಲ ತಿಂಗಳಿಂದಲೇ ಭವಿಷ್ಯನಿಧಿ ಕಟ್ಟಿ, ನೇಮಕಾತಿ ಪತ್ರ ಕೊಟ್ಟು, ಒಂದನೆಯ ತಾರೀಖಿಗೆ ಸಂಬಳ ಹಾಕಿದರೆ ಮನೆಯವರ ಅಳುಕು ಅರ್ಧ ಇಳಿಯುತ್ತದೆ.

ಹಣದ ವಿಷಯ

ಕೇಂದ್ರದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್ ಯೋಜನೆಯನ್ನು 2021ರಲ್ಲಿ 945 ಕೋಟಿ ರೂಪಾಯಿಗಳೊಡನೆ ರೂಪಿಸಲಾಯಿತು. ಅದು ಆಯ್ದ ಪರಿಪೋಷಣ ಕೇಂದ್ರಗಳ ಮೂಲಕ, ಪರಿಕಲ್ಪನೆಯನ್ನು ಪರೀಕ್ಷಿಸಿ ನೋಡಲು 20 ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ಒಯ್ಯಲು 50 ಲಕ್ಷದವರೆಗೆ ಸಾಲ ಅಥವಾ ಮುಂದೆ ಷೇರಾಗಿ ಬದಲಾಯಿಸಬಹುದಾದ ರೂಪದ ನೆರವು ನೀಡುವ ಯೋಜನೆ. ರಾಜ್ಯ ಸರ್ಕಾರ ನವೋದ್ಯಮಗಳಿಗಾಗಿ ನಡೆಸುವ ಎಲಿವೇಟ್ ಸ್ಪರ್ಧೆಯಲ್ಲಿ ಆಯ್ಕೆಯಾದವರಿಗೆ 50 ಲಕ್ಷದವರೆಗೆ ಅನುದಾನವಿದೆ, ಬೆಂಗಳೂರಿನ ಹೊರಗೆ ಉದ್ಯಮ ಬೆಳೆಸುವ ‘ಬಿಯಾಂಡ್ ಬೆಂಗಳೂರು’ ಕಾರ್ಯಕ್ರಮದಲ್ಲಿ ಹುಬ್ಬಳ್ಳಿ–ಧಾರವಾಡ–ಬೆಳಗಾವಿಯನ್ನು ಒಂದು ಗುಚ್ಛವಾಗಿ ಪರಿಗಣಿಸಲಾಗಿದೆ. ಯೋಜನೆಗಳ ಮಿತಿ, ಕೊನೆಯ ದಿನಾಂಕಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ದಿನದ ನಿಯಮವನ್ನೇ ನೋಡಬೇಕು. ಅನುದಾನದ ಅರ್ಜಿ ಬರೆಯುವುದರಲ್ಲೇ ವರ್ಷ ಕಳೆದು, ಒಬ್ಬ ಗಿರಾಕಿಯನ್ನೂ ಕಾಣದ ತಂಡಗಳನ್ನು ನಾನು ಕಂಡಿದ್ದೇನೆ. ಅನುದಾನ ಎರಡನೆಯ ಹಣವಾಗಬೇಕು, ಮೊದಲ ಹಣ ಗಿರಾಕಿಯದೇ ಆಗಬೇಕು.

ಊರಿನ ಹಣ ಎಲ್ಲಿದೆ? ಬಂಗಾರದಲ್ಲಿ, ಬೈಪಾಸ್ ಬದಿಯ ನಿವೇಶನಗಳಲ್ಲಿ, ಬಡ್ಡಿ ಸಾಲದಲ್ಲಿ ಇದೆ. ನವೋದ್ಯಮದಲ್ಲಿ ಹಾಕಿದ ಹಣಕ್ಕೆ ತಿಂಗಳ ಬಡ್ಡಿ ಇರುವುದಿಲ್ಲ, ಹೆಚ್ಚಿನ ಪಾಲು ಮುಳುಗುತ್ತದೆ, ಒಂದೆರಡು ಮಾತ್ರ ಹಲವು ಪಟ್ಟಾಗಿ ಮರಳುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಮೊದಲೇ ಹೇಳಬೇಕು. ಹೂಡಿಕೆದಾರರು ಕೊಟ್ಟ ಷೇರು ಹಣದ ಮೇಲೆ ಬೀಳುತ್ತಿದ್ದ ಏಂಜಲ್ ತೆರಿಗೆಯನ್ನು 2024ರ ಬಜೆಟ್‌ನಲ್ಲಿ ತೆಗೆದುಹಾಕಿದ್ದರಿಂದ ಒಂದು ತೊಡಕು ಕಡಿಮೆಯಾಗಿದೆ. ಹತ್ತು ಜನ ವರ್ತಕರು ಸೇರಿ, ತಮಗೆ ಗೊತ್ತಿರುವ ವ್ಯಾಪಾರದ ತೊಡಕಿಗೇ ಸಂಬಂಧಿಸಿದ ಎರಡು ಮೂರು ಉದ್ಯಮಗಳಲ್ಲಿ, ಕಳೆದುಕೊಂಡರೂ ನಿದ್ದೆ ಕೆಡದಷ್ಟು ಮೊತ್ತ ಹಾಕಲಿ. ಆದರೆ ಸಾರ್ವಜನಿಕರಿಂದ ಚೀಟಿಯಂತೆ ಹಣ ಎತ್ತುವ ಯೋಚನೆ ಯಾರಿಗೇ ಬಂದರೂ ಅದನ್ನು ಅಲ್ಲಿಗೇ ನಿಲ್ಲಿಸಬೇಕು, ಕಂಪನಿ ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ. ಅಂದಹಾಗೆ, ಊರವರೇ ಸೇರಿ ಬಂಡವಾಳ ಕೂಡಿಸುವುದು ಈ ನೆಲಕ್ಕೆ ಹೊಸದೆಂದು ಯಾರಾದರೂ ಹೇಳಿದರೆ, ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘವನ್ನು ಅವರಿಗೆ ತೋರಿಸಿಕೊಂಡು ಬರಬಹುದು.

ಗದಗ ಮತ್ತು ಹಾವೇರಿಯ ಪಾಲು

ಗದಗ ಮತ್ತು ಹಾವೇರಿ ತಮ್ಮದೇ ಐಟಿ ಪಾರ್ಕಿಗೆ ಹಟ ಹಿಡಿಯುವುದು ಜಾಣತನವಲ್ಲ. ಗದಗಿನಿಂದ ಹುಬ್ಬಳ್ಳಿ ಅರವತ್ತು ಕಿಲೋಮೀಟರಿನೊಳಗೇ ಇದೆ, ಹಾವೇರಿ ಹೆದ್ದಾರಿಯ ಮೇಲೆಯೇ ಇದೆ. ಉದ್ಯಮದ ಕಚೇರಿ ಹುಬ್ಬಳ್ಳಿಯಲ್ಲಿದ್ದು ಅದರ ಪ್ರಯೋಗದ ಹೊಲ, ಮಗ್ಗ, ಮಾರುಕಟ್ಟೆ ಈ ಜಿಲ್ಲೆಗಳಲ್ಲಿ ಇರುವುದರಲ್ಲಿ ಇಬ್ಬರಿಗೂ ಲಾಭವಿದೆ. ಗದಗಿನ ತೋಂಟದಾರ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಹಾವೇರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೊಂದು ಕೋಣೆ, ವಾರಕ್ಕೆ ಎರಡು ದಿನ ಬರುವ ಒಬ್ಬ ಸಂಯೋಜಕ, ಬ್ಯಾಡಗಿಯ ಮಾರುಕಟ್ಟೆಯಲ್ಲಿ ಸಾಧನಗಳನ್ನು ಬೀಗ ಹಾಕಿ ಇಡಲು ಒಂದು ಕಪಾಟು ಇದ್ದರೆ ಆರಂಭಕ್ಕೆ ಸಾಲುತ್ತದೆ.

ಲೆಕ್ಕ ಇಡುವ ಬಗೆ

ಸಹಿಯಾದ ಒಡಂಬಡಿಕೆಗಳನ್ನು, ನಡೆದ ಕಾರ್ಯಾಗಾರಗಳನ್ನು, ಪತ್ರಿಕೆಯಲ್ಲಿ ಬಂದ ಚಿತ್ರಗಳನ್ನು ಎಣಿಸಬಾರದು. ಈ ಸೀಮೆಯೊಳಗಿನ ಎಷ್ಟು ಗಿರಾಕಿಗಳು ಎರಡನೆಯ ಬಾರಿ ಹಣ ಕೊಟ್ಟರು, ಎಷ್ಟು ಬಿಲ್ಲುಗಳು 45 ದಿನದೊಳಗೆ ಚುಕ್ತಾ ಆದವು, ಎರಡು ವರ್ಷದ ನಂತರವೂ ಇಲ್ಲೇ ಸಂಬಳ ಪಡೆಯುತ್ತಿರುವವರು ಎಷ್ಟು ಜನ ಎಂಬ ಮೂರು ಅಂಕಿಗಳು ಸಾಕು. ಬೆಳೆದ ಉದ್ಯಮ ತನ್ನ ಮಾರಾಟ ವಿಭಾಗವನ್ನು ಬೆಂಗಳೂರಿಗೆ ಒಯ್ದರೆ ಮುನಿಸಿಕೊಳ್ಳಬೇಕಾಗಿಲ್ಲ, ತಯಾರಿಕೆ ಮತ್ತು ಸೇವೆಯ ಕೆಲಸವನ್ನು ಇಲ್ಲೇ ಉಳಿಸಿಕೊಳ್ಳುವ ಮಾತುಕತೆಯನ್ನು ಅವರು ಹೊರಡುವ ಮೊದಲೇ ಆಡಬೇಕು. ಮುಚ್ಚಿದ ಉದ್ಯಮದವರನ್ನು ಸಭೆಗೆ ಕರೆಯುವುದನ್ನು ಬಿಡಬಾರದು. ಯಾವ ಗಿರಾಕಿ ಮಾತಿಗೆ ತಪ್ಪಿದ, ಯಾವ ಹಾಳೆಯಲ್ಲಿ ಬರೆದ ನಷ್ಟದ ಅಂದಾಜು ಸುಳ್ಳಾಗಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ.

ದಫ್ತರವನ್ನು ವರ್ಷಕ್ಕೊಮ್ಮೆ, ಬ್ಯಾಡಗಿಯ ಸುಗ್ಗಿ ಇಳಿದು ವರ್ತಕರಿಗೆ ಪುರುಸೊತ್ತು ಸಿಗುವ ಜೂನ್ ತಿಂಗಳಲ್ಲಿ, ಮತ್ತೆ ಬಿಚ್ಚಬೇಕು. ಪರಿಹಾರ ಸಿಕ್ಕ ಹಾಳೆಗಳನ್ನು ತೆಗೆದು ಹೊಸವನ್ನು ಸೇರಿಸಬೇಕು. ಎರಡು ವರ್ಷ ಯಾರೂ ಮುಟ್ಟದ ಹಾಳೆಯಿದ್ದರೆ, ಅದನ್ನು ಹಿಡಿದು ಮತ್ತೆ ಅದೇ ಅಂಗಡಿಗೆ ಹೋಗಿ, ಅಂದು ಹೇಳಿದ ಮೊತ್ತವನ್ನು ಈಗಲೂ ಕೊಡುವಿರಾ ಎಂದು ಕೇಳಬೇಕು.